ಕೇಳಲು ಮರೆತ ಎಂಟು ಗಂಟೆ ಬಸ್ಸು

ನನಗೆ ಮೊದಲಿಂದಲೂ ಬಾಯಿ ಜೋರು. ಇದು ನನ್ನ ಜಂಬದ ಮಾತಲ್ಲ, ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹಿರೇನಲ್ಲೂರು ಹೋಬಳಿಯ ಯಾವ ಶಾಲೆಯಲ್ಲಿ ಭಾಷಣ ಸ್ಪರ್ಧೆ ನಡೆದರೂ ಮೊದಲ ಬಹುಮಾನದ ಸ್ಟೀಲ್ ತಟ್ಟೆ ನಮ್ಮ ಮನೆಗೇ ಬರಬೇಕು. ಅಮ್ಮ ಆ ತಟ್ಟೆಗಳಲ್ಲೇ ನೆಂಟರಿಗೆ ಊಟ ಬಡಿಸಿ, "ಇದು ಪರಿಸರ ಸಂರಕ್ಷಣೇದು, ಅದು ಸ್ತ್ರೀ ಶಿಕ್ಷಣದ್ದು, ಅಣ್ಣನ ಮುಂದೆ ಇರೋದು ನೀರು ಉಳಿಸೋದು" ಅಂತ ಒಂದೊಂದಾಗಿ ತೋರಿಸುತ್ತಿದ್ದಳು. ನಾನು ಒಳಗೆ ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಂಡು ಹಿಗ್ಗುತ್ತಿದ್ದೆ.

ಆ ಸ್ಪರ್ಧೆಗಳಿಗೆ ಒಂದು ಕ್ರಮವಿತ್ತು. ಮೇಷ್ಟ್ರು ಬರೆದುಕೊಡೋದು, ನಾವು ಉರು ಹೊಡೆಯೋದು. ಎಲ್ಲಿ ಕೈ ಎತ್ತಬೇಕು, ಎಲ್ಲಿ ಗಂಟಲು ನಡುಗಿಸಬೇಕು, ಎಲ್ಲಿ ಚಪ್ಪಾಳೆಗೆ ಜಾಗ ಬಿಟ್ಟು ನಿಲ್ಲಬೇಕು, ಎಲ್ಲದಕ್ಕೂ ಪೆನ್ಸಿಲ್ ಗುರುತು. ಎಲ್ಲಕ್ಕಿಂತ ಮುಖ್ಯ ಗಂಟೆ. ಒಂದು ಸಲ ಹೊಡೆದರೆ ಇನ್ನೊಂದು ನಿಮಿಷ ಇದೆ ಅಂತ. ಎರಡು ಸಲ ಹೊಡೆದರೆ ಮುಗೀತು. ಎಲ್ಲಿದ್ದೀಯೋ ಅಲ್ಲೇ "ಇಷ್ಟು ಹೇಳಿ ನನ್ನ ಮಾತಿಗೆ ವಿರಾಮ ನೀಡುತ್ತೇನೆ" ಅಂದು ಕೈ ಮುಗಿದು ಕೂರಬೇಕು. ಅಲ್ಲಿಂದ ಒಂದು ಮಾತು ಹೆಚ್ಚಾದರೂ ಅಂಕ ಕಟ್. ಹತ್ತು ವರ್ಷ ಹೀಗೆ ಆಡಿ ಆಡಿ ಆ ಗಂಟೆ ನನ್ನ ಮೈಯೊಳಗೇ ಕೂತುಬಿಟ್ಟಿತ್ತು.

ಪದವಿಗೆ ಕಡೂರಿಗೆ ಸೇರಿದೆ. ಪಕ್ಕದ ಮನೆಯ ಗೆಳತಿಯೂ ನನ್ನ ಜೊತೆಗೇ ಸೇರಿದಳು. ನಾನು ಕಲಾ ವಿಭಾಗ, ಅವಳು ವಿಜ್ಞಾನ. ನಾನು ಬಸ್ಸು ಹತ್ತಿದರೆ ಕಂಡಕ್ಟರನಿಗೂ ತಲೆನೋವು. ಅವಳು ಕಡೂರು ಬರುವವರೆಗೂ ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಲ್ಯಾಬಿನ ಬಿಳಿ ಕೋಟನ್ನು ಮಾತ್ರ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು, ಒಂದು ಸುಕ್ಕು ಬೀಳಬಾರದು. ಅವರ ಮನೆಯಲ್ಲಿ ಅಪ್ಪ ಮಗಳಿಬ್ಬರಿಗೂ ಇಸ್ತ್ರಿಯ ಹುಚ್ಚು. ಅವಳಪ್ಪನನ್ನು ನಾನು ಮಾವ ಅಂತ ಕರೆಯುತ್ತಿದ್ದೆ. ತೋಟದಲ್ಲಿ ಮೈಯೆಲ್ಲಾ ಮಣ್ಣು ಮಾಡಿಕೊಂಡಿದ್ದರೂ ಊರೊಳಗೆ ಬರುವಾಗ ಬಿಳಿ ಷರಟು, ಗರಿಗರಿ ಪಂಚೆ, ಕಾಲಿಗೆ ಪಾಲಿಶ್ ಹಾಕಿದ ಚಪ್ಪಲಿ.

ಎರಡನೇ ವರ್ಷದಲ್ಲಿ ನಮ್ಮೂರಿಂದ ಕಡೂರಿಗೆ ಹೋಗುತ್ತಿದ್ದ ಬೆಳಗಿನ ಎಂಟು ಗಂಟೆ ಬಸ್ಸು ನಿಂತುಹೋಯಿತು. ಯಾಕೆ ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು. ಮುಂದಿನ ಬಸ್ಸು ಹತ್ತೂವರೆಗೆ. ನನಗೇನೋ ಕಡೂರಲ್ಲಿ ಚಿಕ್ಕಮ್ಮನ ಮನೆ ಇತ್ತು, ಪೆಟ್ಟಿಗೆ ಎತ್ತಿಕೊಂಡು ಅಲ್ಲಿಗೆ ಹೋದೆ. ಗೆಳತಿಗೆ ಅಂಥ ಮನೆ ಯಾವುದೂ ಇರಲಿಲ್ಲ. ಅವಳ ಪ್ರಾಕ್ಟಿಕಲ್ಲು ಬೆಳಿಗ್ಗೆ ಒಂಬತ್ತೂವರೆಗೆ. ಹತ್ತೂವರೆ ಬಸ್ಸು ನಂಬಿದರೆ ಹಾಜರಿ ಸಾಲದೆ ಪರೀಕ್ಷೆಗೇ ಕೂರಿಸುವುದಿಲ್ಲ. ಮಾವ ಹಿಂದೆ ಮುಂದೆ ನೋಡದೆ ಮೊಪೆಡ್ ತೆಗೆದು ದಿನಾ ಅವಳನ್ನು ಬೇರೆ ಬಸ್ಸು ಸಿಗುವ ಹೆದ್ದಾರಿಯವರೆಗೆ ಬಿಟ್ಟು ಬರತೊಡಗಿದರು. "ಬಸ್ ಬರೋಗಂಟ ನಾನೇ ಬಸ್ಸು ಬಿಡವ್ವ" ಅಂದರಂತೆ. ಆದರೆ ತೋಟದ ಕೆಲಸವೆಲ್ಲ ಬೆಳಗಿನ ಹೊತ್ತೇ ಇರುವಾಗ ಇದು ಎಷ್ಟು ದಿನ ನಡೆದೀತು? ಬಸ್ಸು ಬರಲೇಬೇಕಿತ್ತು.

ಅಷ್ಟರಲ್ಲಿ ಹಿರೇನಲ್ಲೂರಿನಲ್ಲಿ ಅಹವಾಲು ಸಭೆ ಅಂತ ಡಂಗುರವಾಯಿತು. ತಾಲ್ಲೂಕಿನಿಂದ ಅಧಿಕಾರಿ ಬರುತ್ತಾರೆ, ಜನ ತಮ್ಮ ತಮ್ಮ ಕಷ್ಟ ಹೇಳಿಕೊಂಡು ಅರ್ಜಿ ಕೊಡಬಹುದು. ಊರವರು ಸೇರಿ, ಬಸ್ಸಿನ ವಿಷಯ ಮಾತಾಡೋಕೆ ಇವಳಿಗಿಂತ ಬೇಕಾ ಅಂತ ನನ್ನನ್ನೇ ಆರಿಸಿದರು. ಅರ್ಜಿಯೂ ನನ್ನ ಕೈಗೇ ಬಂತು. ಮಾತು ಮುಗಿಸಿ ಅಧಿಕಾರಿಗಳ ಕೈಗೆ ಕೊಡಬೇಕು ಅಂತ ಮಾತಾಗಿತ್ತು.

ಅಯ್ಯೋ, ಎಂಥ ತಯಾರಿ ನನ್ನದು! ಮೂರು ದಿನ ಕನ್ನಡಿ ಮುಂದೆ ನಿಂತೆ. ಸಭೆಯ ದಿನ ಮೈಕು ಹಿಡಿದು, ವೇದಿಕೆಯ ಗಣ್ಯರಿಗೆ, ಮುಂದೆ ಕೂತ ತಂದೆತಾಯಿಯರಿಗೆ, ಸಹೋದರ ಸಹೋದರಿಯರಿಗೆ ವಂದನೆ ಮುಗಿಸುವ ಹೊತ್ತಿಗೇ ಒಂದು ನಿಮಿಷ ಹೋಯಿತು. ಆಮೇಲೆ ಅನ್ನದಾತ, ದೇಶದ ಬೆನ್ನೆಲುಬು, ಹೆಣ್ಣೊಂದು ಕಲಿತರೆ ಮನೆ ಬೆಳಕು, ಇದೆಲ್ಲ ಬಂತು. ಕೊನೆಗೆ ನನ್ನ ದೊಡ್ಡ ಅಸ್ತ್ರ. ಮೊದಲ ಸಾಲಿನ ಕಡೆ ಕೈ ಚಾಚಿ, ಗಂಟಲು ನಡುಗಿಸಿ, "ಅಗೋ ನೋಡಿ, ಅಲ್ಲಿ ಕೂತಿದ್ದಾನೆ ಆ ಬಡ ತಂದೆ! ಬರಿಗಾಲು, ಹರಕು ಪಂಚೆ! ಮಗಳ ಓದಿಗಾಗಿ ಕೈಯೊಡ್ಡಿ ನಿಂತ ಬಡಪಾಯಿ!" ಅಂದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೆ ಮೈ ಜುಂ ಅಂತು.

ಆಗ ಹೊಡೆಯಿತು ಗಂಟೆ. ಟಿಣ್, ಟಿಣ್.

ಅಧಿಕಾರಿಗಳು ಮೇಜಿನ ಮೇಲಿನ ಗಂಟೆ ಒತ್ತಿ ಜವಾನನನ್ನು ಕರೆದಿದ್ದರು, ಅಷ್ಟೇ. ಅವನು ಕುಡಿಯೋ ನೀರು ತರಬೇಕಿತ್ತು. ನನ್ನ ಬಾಯಿಂದ ಮಾತ್ರ ತಾನಾಗೇ ಬಂತು: "ಇಷ್ಟು ಹೇಳಿ ನನ್ನ ಮಾತಿಗೆ ವಿರಾಮ ನೀಡುತ್ತೇನೆ." ಕೈ ಮುಗಿದೆ. ಕೂತೆ. ಚಪ್ಪಾಳೆಯೋ ಚಪ್ಪಾಳೆ. ಅಧಿಕಾರಿಗಳು ಭೇಷ್ ಅಂದು ಜೇಬಿನ ಪೆನ್ನು ತೆಗೆದು ನನಗೆ ಬಹುಮಾನ ಕೊಟ್ಟರು. ಆಮೇಲೆ ಮುಂದಿನ ಊರಿನ ಕುಡಿಯುವ ನೀರಿನ ವಿಷಯ ಕೈಗೆತ್ತಿಕೊಂಡರು.

ವಾಪಸು ಬರುವಾಗ ಆಟೋದಲ್ಲಿ ನಮ್ಮೂರಿನ ಒಬ್ಬ ಅಜ್ಜ ಎಲೆ ಅಡಿಕೆ ಮೆಲ್ಲುತ್ತಾ ಕೇಳಿದರು, "ಅಲ್ಲ ಕಣವ್ವಾ, ಬಸ್ ಕೇಳಿದ್ಯಾ?"

ಕೇಳಿರಲಿಲ್ಲ. ಬಸ್ಸು ಅನ್ನುವ ಪದವೇ ನನ್ನ ಬಾಯಲ್ಲಿ ಬಂದಿರಲಿಲ್ಲ, ಅದು ಕೊನೆಯ ನಿಮಿಷಕ್ಕೆ ಇಟ್ಟುಕೊಂಡದ್ದು. ಅರ್ಜಿ ನನ್ನ ಫೈಲಿನಲ್ಲಿ ಬೆಚ್ಚಗೆ ಮಲಗಿತ್ತು.

ನಿಜ ಹೇಳುತ್ತೇನೆ, ಆಗ ನನಗೆ ಅಷ್ಟೇನೂ ನಾಚಿಕೆಯಾಗಲಿಲ್ಲ. ಅರ್ಜಿಯನ್ನು ಇನ್ನೊಂದು ದಿನ ಕೊಟ್ಟರಾಯಿತು ಅಂದುಕೊಂಡೆ. ಯಾರೋ ಮೊಬೈಲಿನಲ್ಲಿ ನನ್ನ ಭಾಷಣ ಹಿಡಿದು ಊರಿನ ಗ್ರೂಪಿಗೆ ಹಾಕಿದ್ದರು. ಅದನ್ನು ಇಪ್ಪತ್ತು ಸಲವಾದರೂ ನೋಡಿದ್ದೇನೆ. ಮುಂದಿನ ವಾರದಿಂದ ಗೆಳತಿ ಕಾಲೇಜಿಗೆ ಬರಲಿಲ್ಲ. ಫೋನ್ ಮಾಡಿದರೆ "ಮನೆಯಲ್ಲಿ ಬೇಡ ಅಂದ್ರು" ಅಂತಷ್ಟೇ ಅಂದಳು. ಬಸ್ಸಿಲ್ಲದೆ ಒಂದು ಹುಡುಗಿಯ ಓದು ನಿಂತಿತು ನೋಡಿ ಅಂತ ಕಾಲೇಜಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡು, ಆ ವಿಡಿಯೋ ತೋರಿಸುತ್ತಾ ಓಡಾಡಿದೆ.

ಹಾಗೆ ಹೇಳಿದ್ದನ್ನು ಕೇಳಿಸಿಕೊಂಡವರಲ್ಲಿ ನಮ್ಮ ಕನ್ನಡ ಮೇಡಂ ಒಬ್ಬರು. ಅಜ್ಜಂಪುರದವರು, ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಸಣ್ಣ ಮೈ, ಸಣ್ಣ ದನಿ, ಹಿಂದಿನ ಬೆಂಚಿಗೆ ಅವರ ಮಾತು ಮುಟ್ಟಬೇಕಾದರೆ ನಾವೇ ಉಸಿರು ಬಿಗಿಹಿಡಿದು ಕೂರಬೇಕು. ತರೀಕೆರೆಯ ಒಂದು ಕಾಲೇಜಿನಲ್ಲಿ ಅಂತರಕಾಲೇಜು ಸ್ಪರ್ಧೆ, ಈ ಸಲ ಭಾಷಣದ ಜೊತೆಗೆ ಭಾಷಣ ವಿಮರ್ಶೆ ಅಂತ ಹೊಸದೊಂದು ಸೇರಿಸಿದ್ದಾರೆ ಅಂದರು. ಯಾರೋ ಆಡಿದ ಒಂದು ಭಾಷಣ ತೆಗೆದುಕೊಂಡು, ಅದು ಕೇಳಿದವರ ಮೇಲೆ ಏನು ಮಾಡಿತು, ಹೇಗೆ ಮಾಡಿತು ಅಂತ ಎಂಟು ನಿಮಿಷದಲ್ಲಿ ಬಿಡಿಸಿ ಹೇಳಬೇಕು.

ನಾನು ಯಾವುದಾದರೂ ದೊಡ್ಡ ಮುಖಂಡರ ಭಾಷಣ ಕೊಡಿ ಮೇಡಂ ಅಂದೆ.

"ಯಾಕೆ, ನಿಂದೇ ಇದೆಯಲ್ಲ," ಅಂದರು. "ಅಹವಾಲು ಸಭೇದು. ಅದನ್ನೇ ಮಾಡು."

"ನಂದಾ? ಅದರಲ್ಲಿ ವಿಮರ್ಶೆ ಮಾಡೋಕೆ ಏನಿದೆ ಮೇಡಂ? ಎಲ್ಲರೂ ಚೆನ್ನಾಗಿದೆ ಅಂದರಲ್ಲ."

"ನಿನ್ನ ಬಾಯಿ ಚೆನ್ನಾಗಿದೆ ಕಣೇ. ಕಿವಿ ಎಲ್ಲಿಟ್ಟಿದ್ದೀಯಾ?"

ಮುಖಕ್ಕೆ ಹೊಡೆದ ಹಾಗಾಯಿತು. ಎರಡು ದಿನ ಅವರ ಕ್ಲಾಸಿಗೇ ಹೋಗಲಿಲ್ಲ, ಅಷ್ಟು ಸಿಟ್ಟು. ಮೂರನೇ ದಿನ ಹೋದಾಗ ಏನೂ ಆಗದವರ ಹಾಗೆ ಒಂದು ನೋಟ್‌ಬುಕ್ ಕೊಟ್ಟರು. ಮೊದಲ ಪುಟದಲ್ಲಿ ಅವರ ಅಕ್ಷರದಲ್ಲಿ ಇಷ್ಟೇ ಇತ್ತು: ಈ ಮಾತು ಯಾರ ಕಿವಿಗೆ? ಕೇಳಿದ ಮೇಲೆ ಅವರು ಏನು ಮಾಡಬೇಕಿತ್ತು? ಏನು ಮಾಡಿದರು? ಉಳಿದ ಪುಟವೆಲ್ಲ ಖಾಲಿ. ನೀನು ಯೋಚನೆ ಮಾಡಿ ಬರೆಯಬೇಡ, ಕೇಳಿದವರ ಹತ್ತಿರ ಹೋಗಿ ಕೇಳಿ ಬರಿ ಅಂದರು.

ಊರಿಗೆ ಹೋದಾಗ ಮೊದಲು ಅಮ್ಮನನ್ನು ಕೇಳಿದೆ.

"ಅದ್ಯಾಕೋ ಕಣ್ಣಲ್ಲಿ ನೀರೇ ಬಂತು ಕಣೇ," ಅಂದಳು.

"ಬಸ್ ವಿಷಯ ಏನನ್ನಿಸ್ತು?"

"ಬಸ್ಸಾ? ಅದನ್ನೂ ಮಾತಾಡ್ದ್ಯಾ ನೀನು?"

ಹೀಗೇ ಎಲ್ಲರೂ. ಒಬ್ಬರಿಗೆ ನನ್ನ ಕೈ ಎತ್ತಿದ್ದು ನೆನಪಿತ್ತು, ಒಬ್ಬರಿಗೆ ಅಧಿಕಾರಿ ಪೆನ್ನು ಕೊಟ್ಟದ್ದು. ಯಾರೂ ಏನೂ ಮಾಡಿರಲಿಲ್ಲ, ಮಾಡಬೇಕು ಅಂತಲೂ ಅನ್ನಿಸಿರಲಿಲ್ಲ. ಬರೆದುಕೊಳ್ಳುತ್ತಾ ಹೋದ ಹಾಗೆ ನನ್ನ ಸಿಟ್ಟು ಇಳಿದು, ಒಂದು ಥರ ಕುತೂಹಲ ಶುರುವಾಯಿತು. ಮಾತು ಅಂದರೆ ನನ್ನ ಬಾಯಿಂದ ಹೊರಟದ್ದು ಅಂತ ತಿಳಿದಿದ್ದೆ. ಅದು ಹೋಗಿ ಸೇರುವ ಜಾಗ ಒಂದಿದೆ, ಅಲ್ಲಿ ಏನಾಗುತ್ತೆ ಅಂತ ನೋಡುವುದೂ ಒಂದು ಓದು ಅಂತ ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಆಮೇಲೆ ವಿಡಿಯೋ ತೆಗೆದೆ. ಈ ಸಲ ನನ್ನನ್ನು ನೋಡಬಾರದು, ಕೇಳುವವರನ್ನು ಮಾತ್ರ ನೋಡಬೇಕು ಅಂತ ಮೇಡಂ ಅಪ್ಪಣೆ. ಮೊಬೈಲು ಪಕ್ಕದಿಂದ ಹಿಡಿದದ್ದರಿಂದ ಮೊದಲ ಸಾಲು ಪೂರ್ತಿ ಕಾಣುತ್ತಿತ್ತು. ಅಲ್ಲಿ ಮಾವ ಕೂತಿದ್ದರು. ಬಿಳಿ ಷರಟು, ಗರಿಗರಿ ಪಂಚೆ, ಕಾಲಲ್ಲಿ ಪಾಲಿಶ್ ಚಪ್ಪಲಿ. ಮಗಳ ಬಸ್ಸಿನ ಸಭೆ ಅಂತ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದರು. ನಾನು "ಅಗೋ ನೋಡಿ" ಅಂದು ಕೈ ಚಾಚಿದಾಗ ನಗುನಗುತ್ತಾ ತಲೆ ಎತ್ತಿದರು. "ಹರಕು ಪಂಚೆ" ಅಂದೆ. ಸುತ್ತಲಿನವರೆಲ್ಲ ಅವರ ಕಡೆ ತಿರುಗಿದರು. ಮಾವ ತಲೆ ತಗ್ಗಿಸಿದರು. ಪಂಚೆಯ ಮಡಿಕೆಯನ್ನು ಬೆರಳಿನಲ್ಲಿ ಹಿಡಿದು ನೋಡಿಕೊಂಡರು, ಎಲ್ಲಾದರೂ ನಿಜವಾಗಿ ಹರಿದಿದೆಯೋ ಅನ್ನುವವರ ಹಾಗೆ. ಆಮೇಲೆ ಎರಡೂ ಕಾಲನ್ನು ಕುರ್ಚಿಯ ಕೆಳಕ್ಕೆ ಎಳೆದುಕೊಂಡರು.

ಇಪ್ಪತ್ತು ಸಲ ನೋಡಿದ್ದೆನಲ್ಲ, ಅಷ್ಟೂ ಸಲ ಅದು ಅಲ್ಲೇ ಇತ್ತು. ನಾನು ನನ್ನ ಮುಖ ನೋಡಿಕೊಳ್ಳುತ್ತಿದ್ದೆ. ಥೂ, ಅಂತ ನನಗೆ ನಾನೇ ಅಂದುಕೊಂಡೆ.

ಅವತ್ತೇ ಊರಿಗೆ ಹೋಗಿ ಗೆಳತಿಯನ್ನು ಹಿತ್ತಲಿನಲ್ಲಿ ಹಿಡಿದು ಕೇಳಿದೆ.

"ಬಸ್ಸಿಲ್ಲ ಅಂತ ಬಿಟ್ಟೆ ಅಂದ್ಕಂಡಿದ್ಯಾ?" ಅಂದಳು. "ಮೊಪೆಡ್ ಇತ್ತಲ್ಲೇ. ಅಪ್ಪ ಚೆನ್ನಾಗೇ ಬಿಡ್ತಿದ್ರು. ಸಭೆ ಆದ್ಮೇಲೆ ಟೀ ಅಂಗಡೀಲಿ ಎಲ್ರೂ 'ಏನಪ್ಪಾ, ಎಲ್ಲಿ ನಿನ್ ಹರಕು ಪಂಚೆ' ಅಂತ ಆಡ್ಕಂಡ್ರು. ಅಪ್ಪ ಮನೆಗೆ ಬಂದು, 'ನಿನ್ನ ಓದುಸ್ತೀನಿ ಅಂತ ಹೋಗಿ ಹೋಬಳಿ ಮುಂದೆ ಭಿಕ್ಷೆ ಬೇಡ್ದಂಗಾಯ್ತು, ಸಾಕು ಬಿಡು' ಅಂದ್ರು. ನಿನ್ನ ಒಂದು ಮಾತೂ ಬೈದಿಲ್ಲ ಕಣೇ."

ಬೈದಿದ್ದರೇ ಚೆನ್ನಾಗಿತ್ತು. ಆ ಹರಕು ಪಂಚೆ ಎಲ್ಲಿಂದ ಬಂತು ಅಂತ ಹುಡುಕಿದರೆ, ನಾನು ಏಳನೇ ತರಗತಿಯಲ್ಲಿ ಉರು ಹೊಡೆದ ಒಂದು ಭಾಷಣದಲ್ಲಿತ್ತು. ಅಲ್ಲಿಂದ ಪ್ರತಿ ಸ್ಪರ್ಧೆಗೂ ಅದೇ ರೈತ, ಅದೇ ಪಂಚೆ. ಕಣ್ಣೆದುರಿಗೆ ಕೂತ ಮನುಷ್ಯನಿಗೆ ಅದನ್ನೇ ಉಡಿಸಿಬಿಟ್ಟಿದ್ದೆ. ಅಳಿಸಿದರೆ ಗೆದ್ದೆ ಅನ್ನುವ ಸ್ಪರ್ಧೆಯ ಬುದ್ಧಿ. ಅತ್ತವರ ಪೈಕಿ ಯಾರೂ ಬಸ್ಸು ಬಿಡುವವರಲ್ಲ, ಬಿಡುವವರು ಅಳಲಿಲ್ಲ. ಇದೆಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಬರೆಯುವಾಗ ಎಷ್ಟು ಸಲ ಅತ್ತೆನೋ.

ತರೀಕೆರೆಯಲ್ಲಿ ಹೇಳಿದೆ. ಕೈ ಎತ್ತಲಿಲ್ಲ, ಗಂಟಲು ನಡುಗಿಸಲಿಲ್ಲ. ಮಾವನ ಗುರುತು ಸಿಗದ ಹಾಗೆ, ಒಬ್ಬ ತಂದೆ ಅಂತಷ್ಟೇ ಅಂದೆ. ಗಂಟೆ ಹೊಡೆಯುವ ಮುಂಚೆಯೇ ಮುಗಿಯಿತು. ತೀರ್ಪುಗಾರರು ಎದ್ದು ನಿಂತು ಚಪ್ಪಾಳೆ ಹೊಡೆದರು. ಮೊದಲ ಬಹುಮಾನ, ಮತ್ತೆ ಒಂದು ಸ್ಟೀಲ್ ತಟ್ಟೆ. ಸುಳ್ಳು ಹೇಳಬಾರದು, ಹಿಗ್ಗಿದೆ. ಎಷ್ಟು ಕಷ್ಟಪಟ್ಟಿದ್ದೆ!

ಬಸ್ ಸ್ಟ್ಯಾಂಡಿಗೆ ಬಂದೆವು. ಮೇಡಂ ಅಜ್ಜಂಪುರದ ಕಡೆ, ನಾನು ಕಡೂರಿನ ಕಡೆ. ಅಮೃತಾಪುರದ ಬಸ್ಸು ಹೊರಟು ಜನ ಸ್ವಲ್ಪ ಕಡಿಮೆಯಾದಾಗ ಮೇಡಂ ನನ್ನ ಕಂಕುಳಲ್ಲಿದ್ದ ತಟ್ಟೆಯನ್ನೇ ನೋಡುತ್ತಾ ಕೇಳಿದರು.

"ಚೆನ್ನಾಗಿ ಮಾಡಿದೆ. ಈ ಮಾತು ಯಾರ ಕಿವಿಗೆ?"

ಮಾವನ ಅವಮಾನ ಹೇಳಿ ಅವತ್ತು ಒಂದು ಪೆನ್ನು ಗಿಟ್ಟಿಸಿದ್ದೆ, ಇವತ್ತು ಒಂದು ತಟ್ಟೆ. ಗೆಳತಿ ಇನ್ನೂ ಮನೆಯಲ್ಲೇ ಇದ್ದಳು.

"ಅಜ್ಜಂಪುರದ ಬಸ್ಸು ಬಂತು, ಬರ್ತೀನಿ ಕಣೇ," ಅಂತ ಮೇಡಂ ಹತ್ತಿಕೊಂಡರು. ಅವರು ಉಪದೇಶ ಮಾಡಿದ್ದನ್ನು ನಾನು ಕೇಳಿಯೇ ಇಲ್ಲ. ಒಂದು ಪ್ರಶ್ನೆ ಕೇಳಿ ಬಸ್ಸು ಹತ್ತಿಬಿಡೋರು.

ಮಾರನೆಯ ದಿನ ಭಾನುವಾರ, ಊರಿಗೆ ಹೋದೆ. ಮಾವ ಅಂಗಳದಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ನಾನು ನೋಟ್‌ಬುಕ್ ಹಿಡಿದು ಜಗಲಿಯ ಮೇಲೆ ಕೂತು, "ಮಾವ, ಒಂದು ಓದಿ ಹೇಳ್ತೀನಿ, ಕೇಳ್ತೀರಾ?" ಅಂದೆ. ಅವರು ಇನ್ನೊಂದು ಕಾಯಿ ಕೈಗೆತ್ತಿಕೊಂಡರು. ಎಂಟು ನಿಮಿಷದ್ದನ್ನು ಪೂರ್ತಿ ಓದಿದೆ. ಹರಕು ಪಂಚೆ ಎಲ್ಲಿಂದ ತಂದೆ ಅನ್ನುವುದು, ಅವರು ಮಡಿಕೆ ಹಿಡಿದು ನೋಡಿಕೊಂಡದ್ದು, ಕಾಲು ಎಳೆದುಕೊಂಡದ್ದು, ಎಲ್ಲ. ಕಾಯಿ ಸುಲಿಯುವ ಸದ್ದು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಬಾಗಿಲಲ್ಲಿ ಗೆಳತಿ ನಿಂತಿದ್ದಳು.

ಮುಗಿಸಿ, "ತಪ್ಪಾಯ್ತು ಮಾವ" ಅಂದೆ. ಅಂದು ಸುಮ್ಮನೆ ಕೂತೆ.

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಅದೆಲ್ಲ ಸರಿ ಕಣವ್ವಾ," ಅಂದರು. "ಅವತ್ತೂ ಕೇಳ್ಬೇಕಾದ್ದು ಕೇಳ್ದೆ ಕೂತ್ಕಂಡೆ. ಇವತ್ತೂ ಹಂಗೇ ಕೂತಿದ್ಯಲ್ಲ. ಈಗ ಇಲ್ಲಿ ಯಾವ ಗಂಟೇನೂ ಇಲ್ಲ. ಏನ್ ಬೇಕು ನಿಂಗೆ?"

"ಇವಳನ್ನ ಕಾಲೇಜಿಗೆ ಕಳ್ಸಿ ಮಾವ."

ನನ್ನ ಜೀವಮಾನದಲ್ಲಿ ಅಷ್ಟು ಚಿಕ್ಕ ಭಾಷಣ ಮಾಡಿರಲಿಲ್ಲ. ಮಾವ ಮಗಳ ಕಡೆ ನೋಡಿದರು. ಅವಳು ಒಳಗೆ ಹೋಗಿ ಬಿಳಿ ಕೋಟು ತಂದು ಜಗಲಿಯ ಮೇಲಿಟ್ಟಳು. ಮಡಿಕೆ ಹಾಗೇ ಇತ್ತು.

ಮುಂದಿನ ಅಹವಾಲು ಸಭೆಯಲ್ಲಿ ಮಾವನೇ ಮಾತಾಡಿದರು. ನನ್ನ ಪಾಲಿಗೆ ಮೈಕು ಹಿಡಿದುಕೊಳ್ಳುವ ಕೆಲಸ. ವಂದನೆ ಗಿಂದನೆ ಏನೂ ಇಲ್ಲ. ಅರ್ಜಿಯನ್ನು ಮೊದಲೇ ಮೇಜಿನ ಮೇಲಿಟ್ಟರು. "ನಮ್ಮೂರ ಮಕ್ಕಳು ಒಂಬತ್ತೂವರೆಗೆ ಕಡೂರು ಕಾಲೇಜಲ್ಲಿ ಇರ್ಬೇಕು ಸಾರ್. ಅದಕ್ಕೆ ಬೆಳಿಗ್ಗೆ ಎಂಟರ ಬಸ್ ಬೇಕು. ಮೊದ್ಲು ಇತ್ತು, ಈಗಿಲ್ಲ. ಯಾವತ್ತಿಂದ ಬರುತ್ತೆ ಹೇಳಿ, ಹೇಳೋಗಂಟ ಇಲ್ಲೇ ನಿಂತಿರ್ತೀನಿ." ಅಷ್ಟರಲ್ಲಿ ಟಿಣ್ ಟಿಣ್ ಅಂತು. ನನ್ನ ಕೈಯಲ್ಲಿದ್ದ ಮೈಕು ತಾನಾಗೇ ಕೆಳಗಿಳಿಯಿತು. ಮಾವ ಗಂಟೆಯ ಕಡೆ ಒಂದು ಸಲ ನೋಡಿ, ನನ್ನ ಕೈ ಹಿಡಿದು ಮೈಕನ್ನು ಮತ್ತೆ ಬಾಯಿಗೆ ತಂದುಕೊಂಡರು. "ಯಾರನ್ನೋ ಕರೀತಾವ್ರೆ, ಬರ್ಲಿ ಬಿಡಿ. ನಮ್ ಬಸ್ಸಿನ ಮಾತು ಹೇಳಿ ಸಾರ್."

ಯಾರೂ ಅಳಲಿಲ್ಲ, ಚಪ್ಪಾಳೆಯೂ ಬೀಳಲಿಲ್ಲ. ಅಧಿಕಾರಿಗಳು ಅಲ್ಲೇ ಫೋನು ತೆಗೆದು ಮಾತಾಡಿದರು. ತಿಂಗಳು ತುಂಬುವ ಮೊದಲೇ ಎಂಟು ಗಂಟೆ ಬಸ್ಸು ಬಂತು.

ಗೆಳತಿಗೆ ಆ ವರ್ಷದ ಪರೀಕ್ಷೆ ತಪ್ಪಿತು. ಹಾಜರಿ ಸಾಲಲಿಲ್ಲ. ಒಂದು ವರ್ಷ ನನ್ನಿಂದ ಹೋಯಿತು, ಅದನ್ನು ಯಾವ ವಿಮರ್ಶೆಯಿಂದಲೂ ವಾಪಸು ತರಲಾಗಲಿಲ್ಲ. ನನಗಿಂತ ಒಂದು ವರ್ಷ ಹಿಂದಾದರೂ ಓದು ಬಿಡಲಿಲ್ಲ ಅವಳು.

ಈಗ ನಾನೂ ಕನ್ನಡ ಮೇಡಂ, ಅಜ್ಜಂಪುರದಲ್ಲಿ. ಮಕ್ಕಳನ್ನು ಸ್ಪರ್ಧೆಗೆ ತಯಾರು ಮಾಡುತ್ತೇನೆ. ಭಾಷಣ ಕಲಿಸುವುದಕ್ಕೆ ಮೊದಲು ಭಾಷಣ ಕೇಳಿಸುತ್ತೇನೆ, ಆ ಮೂರು ಪ್ರಶ್ನೆ ಹಿಡಿದು ಬಿಡಿಸಿ ನೋಡಿಸುತ್ತೇನೆ. ಮಕ್ಕಳು ಗೊಣಗುತ್ತಾರೆ, ಗೊಣಗಲಿ. ನಮ್ಮ ಮೇಡಂ ನಿವೃತ್ತರಾಗಿ ಎರಡು ಬೀದಿ ಆಚೆ ಇದ್ದಾರೆ. ಅವರ ಋಣ ದೊಡ್ಡದು ಅಂತ ಒಂದು ಸಲ ಬಾಯಿಬಿಟ್ಟು ಹೇಳಲು ಹೋದೆ. "ಎಷ್ಟು ನಿಮಿಷದ್ದು?" ಅಂತ ಕೇಳಿದರು. ಇಬ್ಬರೂ ನಕ್ಕೆವು, ಹೇಳುವುದು ಹಾಗೇ ಉಳಿಯಿತು. ಇಲ್ಲಿ ಹೇಳುತ್ತಿದ್ದೇನೆ.

ಗೆಳತಿಯ ಪದವಿಯ ಫಲಿತಾಂಶ ಬಂದ ದಿನ ಅಮ್ಮ ಅವರ ಮನೆಯವರನ್ನೆಲ್ಲ ಊಟಕ್ಕೆ ಕರೆದಿದ್ದಳು. ತರೀಕೆರೆಯ ತಟ್ಟೆಯನ್ನು ನಾನು ಯಾರ ಕಣ್ಣಿಗೂ ಬೀಳದ ಹಾಗೆ ಅಟ್ಟದ ಮೇಲೆ ಬಚ್ಚಿಟ್ಟಿದ್ದೆ. ತಟ್ಟೆ ಸಾಲದೆ ಅಮ್ಮ ಅದನ್ನೂ ಇಳಿಸಿ ತೊಳೆದು, ಸರಿಯಾಗಿ ಮಾವನ ಮುಂದೆಯೇ ಇಟ್ಟುಬಿಟ್ಟಿದ್ದಳು. ನಾನು ನೋಡುವ ಹೊತ್ತಿಗೆ ಮುದ್ದೆ ಸಾರು ಬಿದ್ದಾಗಿತ್ತು. ಮಾವ ಅಂಚಿನ ಮೇಲಿದ್ದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾ ತಲೆ ಎತ್ತಿದರು.

"ಇದ್ಯಾವ ಭಾಷಣದ್ದವ್ವ?"

ಅಮ್ಮನಿಗೆ ಬಾಯಿ ಹಾಕಲು ಬಿಡದೆ, "ಅದು ನಿಮ್ದೇ ಮಾವ" ಅಂದೆ.

ಮಾವ ಪಕ್ಕದಲ್ಲಿ ಕೂತಿದ್ದ ಮಗಳನ್ನು ನೋಡಿದರು. ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, "ನಂದೇ ಅಂದ್ಮೇಲೆ ನಾಚ್ಕೆ ಏನು? ಇನ್ನೊಂದ್ ಮುದ್ದೆ ಇಕ್ಕು" ಅಂದರು.